ಚಾಲೂ ಅಂದರೆ ಆಡಬಹುದು ಎಂದಲ್ಲ

2008ರಲ್ಲಿ ನಾನು ಪುಣೆಯ ಕೋಥರೂಡದಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಮಾರುವ ಅಂಗಡಿಯೊಂದರಲ್ಲಿ ತಾಂತ್ರಿಕ ಸಲಹೆಗಾರನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಗಿರಾಕಿಗಳ ಒಂದೇ ಪ್ರಶ್ನೆಗೆ ದಿನವಿಡೀ ಉತ್ತರ ಹೇಳುವುದು. ಆನ್‌ಲೈನ್ ಸೇವೆ ಫುಕಟ್ ಇರುವ ಕನ್ಸೋಲ್ ಒಳ್ಳೆಯದೋ, ಚಂದಾ ಕಟ್ಟುವುದು ಒಳ್ಳೆಯದೋ?

ಒಂದು ಕಂಪನಿಯ ಕನ್ಸೋಲಿನಲ್ಲಿ ಇಂಟರ್‌ನೆಟ್ ಮೂಲಕ ಬೇರೆಯವರೊಡನೆ ಆಡುವುದು ಪೂರ್ತಿ ಉಚಿತ. ಇನ್ನೊಂದರಲ್ಲಿ ಎರಡು ದರ್ಜೆ. ಉಚಿತ ದರ್ಜೆಯಲ್ಲಿ ಲಾಗಿನ್ ಆಗಬಹುದು, ಗೆಳೆಯರ ಹೆಸರು ಕಾಣುತ್ತದೆ, ಸಂದೇಶ ಕಳಿಸಬಹುದು. ಎದುರಾಳಿಯ ಜೊತೆ ಆಡಬೇಕೆಂದರೆ ಮಾತ್ರ ಚಂದಾ ಬೇಕು.

ಪುಣೆಯದೇ ವಾಕಡದಲ್ಲಿ ಗೇಮ್ ಪಾರ್ಲರ್ ನಡೆಸುತ್ತಿದ್ದ ಬಾಗಲಕೋಟೆಯ ಮಹಾದೇವಪ್ಪನವರು ಈ ಎರಡನೆಯದನ್ನು ಕೊಂಡರು. ಯಾವ ದರ್ಜೆಯಲ್ಲಿ ಏನು ಸಿಗುತ್ತದೆಂಬ ಇಂಗ್ಲಿಷ್ ಪಟ್ಟಿ ತಲೆಗೆ ಹತ್ತುತ್ತಿಲ್ಲ ಎಂದರು. ನಾನು ಧಾರವಾಡದವನೆಂಬ ಹುರುಪಿನಲ್ಲಿ ಕನ್ನಡದಲ್ಲೇ ಒಂದು ಪಟ್ಟಿ ಬರೆದುಕೊಟ್ಟೆ. ಉಚಿತ ದರ್ಜೆಯ ಮುಂದೆ ‘ಆನ್‌ಲೈನ್ ಚಾಲೂ ಅದ’ ಎಂದು ಬರೆದೆ. ಲಾಗಿನ್ ಆಗುತ್ತದೆ ಎಂದಷ್ಟೇ ನನ್ನ ಅರ್ಥ. ಆದರೆ ನಮ್ಮ ಕಡೆ ಚಾಲೂ ಅಂದರೆ ಎಲ್ಲಾ ಸರಿಯಾಗಿ ನಡೆಯುತ್ತಿದೆ ಎಂದೇ ಲೆಕ್ಕ. ಬರೆಯುವಾಗ ಅದು ಹೊಳೆಯಲೇ ಇಲ್ಲ. ಪಟ್ಟಿ ನಂಬಿ ಅವರು ಚಂದಾ ಕಟ್ಟಲಿಲ್ಲ.

ಆ ಪಾರ್ಲರಿನ ಕೌಂಟರಿನಲ್ಲಿ ಕೂರುತ್ತಿದ್ದವಳು ರೇಣುಕಾ, ಇಪ್ಪತ್ತರ ಹುಡುಗಿ. ಕಲಬುರಗಿ ಕಡೆಯಿಂದ ಬಂದ ತಂದೆ ಸೆಂಟ್ರಿಂಗ್ ಕೆಲಸದವರು. ಕಾರ್ ರೇಸ್ ಆಟದಲ್ಲಿ ಅವಳದ್ದು ಭಾರೀ ಕೈ. ಗೇಮ್ ಕಂಪನಿಯೊಂದು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಕೊನೆಯ ಎಂಟರೊಳಗೆ ಬಂದಿದ್ದಳು. ಇನ್ನೊಂದು ಪಂದ್ಯ ಗೆದ್ದರೆ ಆ ಕಂಪನಿಯಲ್ಲೇ ಹೊಸ ಆಟ ಆಡಿ ತಪ್ಪು ಹುಡುಕುವ ಟೆಸ್ಟರ್ ನೌಕರಿ. ಹಿಂದಿನ ಸುತ್ತುಗಳನ್ನು ಎದುರುಬದುರು ಕೂರಿಸಿ ಆಡಿಸಿದ್ದರು. ಈ ಪಂದ್ಯ ಮಾತ್ರ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಆನ್‌ಲೈನಿನಲ್ಲಿ.

ಹತ್ತೂವರೆಗೆ ಮಹಾದೇವಪ್ಪನವರ ಫೋನ್ ಬಂತು. ಲಾಗಿನ್ ಆಗಿದೆ, ಎದುರಾಳಿಯ ಹೆಸರೂ ಕಾಣುತ್ತಿದೆ, ಆದರೆ ಪಂದ್ಯಕ್ಕೆ ಹೋದರೆ ಚಂದಾ ಕೇಳುತ್ತಿದೆ ಎಂದರು. ಬೈಕಿನಲ್ಲಿ ವಾಕಡಕ್ಕೆ ಓಡಿದೆ. ಹತ್ತು ಐವತ್ತಕ್ಕೆ ಪರದೆ ನೋಡಿದೊಡನೆ ನನಗೆ ಎಲ್ಲವೂ ಗೊತ್ತಾಯಿತು. ಟಿವಿಯ ಪಕ್ಕದಲ್ಲೇ ನನ್ನ ಪಟ್ಟಿ ಅಂಟಿಸಿದ್ದರು.

ಆ ಸೇವೆ ಆಗಿನ್ನೂ ಭಾರತಕ್ಕೆ ಬಂದಿರಲಿಲ್ಲ; ಅಕೌಂಟ್ ತೆರೆಯುವಾಗ ವಿದೇಶದ ವಿಳಾಸ ಕೊಟ್ಟಿದ್ದರಿಂದ ನಮ್ಮ ಯಾವ ಬ್ಯಾಂಕ್ ಕಾರ್ಡೂ ನಡೆಯಲಿಲ್ಲ. ಒಂದೇ ದಾರಿ ಉಳಿದಿತ್ತು. ಹೊಸ ಅಕೌಂಟಿಗೆ ಮೊದಲ ತಿಂಗಳು ಚಂದಾ ಮಾಫಿ; ತೆರೆಯಲು ಐದು ನಿಮಿಷ ಸಾಕು. ಆದರೆ ಸಂಘಟಕರು ತಮ್ಮ ಯಾದಿಯಲ್ಲಿ ರೇಣುಕಾಳ ಅಕೌಂಟಿನ ಹೆಸರು ಬದಲಿಸಬೇಕು, ಬದಲಿಸಲು ಕಾರಣ ಕೇಳುತ್ತಾರೆ.

ಸಂಘಟಕರಿಗೆ ಫೋನ್ ಹಚ್ಚಿದೆ. ಅಂಗಡಿಯ ಹೆಸರು, ನನ್ನ ನೌಕರಿ, ಎಲ್ಲ ಕಣ್ಣ ಮುಂದೆ ಬಂತು. ಪಾರ್ಲರಿನ ಇಂಟರ್‌ನೆಟ್ ಲೈನ್ ಕೆಟ್ಟಿದೆ, ಹೊಸ ಹೆಸರು ಹಾಕಿಕೊಳ್ಳಿ ಎಂದು ಮರಾಠಿಯಲ್ಲಿ ಸುಳ್ಳು ಹೇಳಿಬಿಟ್ಟೆ. ಲೈನ್ ಕೆಟ್ಟರೆ ಹೊಸ ಹೆಸರೇಕೆ, ಹನ್ನೊಂದರ ಮೇಲೆ ಹತ್ತು ನಿಮಿಷ ಕಾಯುತ್ತೇವೆ, ಸರಿಮಾಡಿಸಿ ಎಂದರು ಅವರು. ನಾನು ವೈರು ಕಿತ್ತು ಮತ್ತೆ ಸಿಕ್ಕಿಸುವ ನಾಟಕ ಮಾಡಿದೆ. ಮಹಾದೇವಪ್ಪನವರು ಗೊಣಗಿದಾಗ, ರೇಣುಕಾಳತ್ತ ತೋರಿಸಿ, ಪಟ್ಟಿಯನ್ನು ಇವಳೇ ಸರಿಯಾಗಿ ಓದಿಲ್ಲ ಎಂದೂ ಅಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರೇಣುಕಾ ಕಂಟ್ರೋಲರ್ ಕೆಳಗಿಟ್ಟಳು. “ಸರ್, ಚಾಲೂ ಅದ ಅಂತ ನೀವ ಬರ್ದೀರಿ. ನಾ ಬ್ಯಾರೆ ಏನ್ ಓದ್ಲಿ?”

ಮತ್ತೆ ಫೋನ್ ಮಾಡಿದೆ. ಲೈನ್ ಸರಿಯಿದೆ, ತಪ್ಪು ಮಾಹಿತಿ ಕೊಟ್ಟವನು ನಾನು ಎಂದೆ. ಆಚೆಯವರು, ಮೊದಲೇ ಹೇಳಿದ್ದರೆ ಹೆಸರು ಬದಲಿಸುತ್ತಿದ್ದೆವು, ಈಗಷ್ಟೇ ಎದುರಾಳಿಯನ್ನು ಗೆದ್ದವನೆಂದು ಘೋಷಿಸಿದ್ದೇವೆ ಎಂದರು. ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು. ಎಷ್ಟು ಗೋಗರೆದರೂ ಆಗಲಿಲ್ಲ.

ರೇಣುಕಾ ಅಳಲಿಲ್ಲ, ಬೈಯಲೂ ಇಲ್ಲ. ಅಷ್ಟರಲ್ಲಿ ಗಿರಾಕಿಗಳು ಬಂದರು. ಎದ್ದು ಹೋಗಿ ಕೌಂಟರಿನಲ್ಲಿ ಕೂತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನದಿಂದ ನನ್ನ ಪಟ್ಟಿಯಲ್ಲಿ ‘ಲಾಗಿನ್ ಆಗುತ್ತದೆ’, ‘ಎದುರಾಳಿಯೊಡನೆ ಆಡಬಹುದು’ ಎಂದು ಬೇರೆ ಬೇರೆ ಬರೆದೆ. ಆದರೆ ಈ ವೃತ್ತಿ ನನಗೆ ಕಲಿಸಿದ್ದು ಪಟ್ಟಿ ಬರೆಯುವುದನ್ನಲ್ಲ. ತಪ್ಪು ನನ್ನದೆಂದು ಗೊತ್ತಾದದ್ದು ಹತ್ತು ಐವತ್ತಕ್ಕೆ, ಒಪ್ಪಿಕೊಂಡದ್ದು ಹನ್ನೊಂದು ಹತ್ತಕ್ಕೆ. ನಡುವಿನ ಆ ಇಪ್ಪತ್ತು ನಿಮಿಷ ನನ್ನದಾಗಿರಲಿಲ್ಲ, ರೇಣುಕಾಳದ್ದಾಗಿತ್ತು.