ಚಾಚಾನ ಕುದುರೆಗೆ ನಾನು ಹಾಕಿದ ಹುಲ್ಲು

ಹುಲ್ಲು ಕತ್ತರಿಸುವುದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದಾಗ ನಮ್ಮ ಸೋದರಮಾವ ಬಿದ್ದು ಬಿದ್ದು ನಕ್ಕಿದ್ದ. ತುಳಸಿಗೇರಿ ಹತ್ತಿರದ ಹಳ್ಳಿ ನಮ್ಮದು. ಬೀರಪ್ಪನ ಒಕ್ಕಲು, ಅಜ್ಜನ ಅಜ್ಜನ ಕಾಲದಿಂದ ಕುರಿ ಸಾಕಿದ ಮನೆ. “ಹುಲ್ಲ ಕತ್ತರಸಾಕ ಮಿಷನ್ ಬೇಕೇನಲೇ? ನಾಕ ಕುರಿ ಬಿಡು, ಮಧ್ಯಾಹ್ನದೊಳಗ ಬೋಳಿಸಿ ಕೊಡ್ತಾವ” ಎಂದ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. “ಕುರಿ ಹೂವಿನ ಗಿಡಾನೂ ಬೋಳಿಸ್ತಾವ ಮಾವಾ, ಆಮ್ಯಾಲ ಲಾನ್ ಮಾಡಿಸಿದ ಪ್ರೊಫೆಸರ್ ಸಾಹೇಬ್ರು ನಿನ್ನ ಬೋಳಿಸ್ತಾರ” ಎಂದು ಹೇಳಿ, ಮಿಷನ್ನನ್ನು ಬಸ್ಸಿನ ಮೇಲೆ ಹೇರಿಕೊಂಡು ಬಾಗಲಕೋಟೆಗೆ ಬಂದುಬಿಟ್ಟೆ.

ಎಪ್ಪತ್ತರ ದಶಕದ ನಡುಭಾಗ ಅದು. ಅದಕ್ಕೂ ಮೊದಲು ಬಾದಾಮಿಯ ಒಂದು ಬಂಗಲೆಯಲ್ಲಿ ನಾನು ತೋಟದ ಕೆಲಸಕ್ಕಿದ್ದೆ. ಕೈಯಿಂದ ದೂಡುವ ಆ ಹಳೆಯ ಮಿಷನ್ನಿನ ಅಲಗು ಹೋಗಿದೆ ಎಂದು ಅಲ್ಲಿಯವರು ಮೂಲೆಗೆ ಎಸೆದಿದ್ದರು. ನಾನು ಅಲಗು ಸಾಣೆ ಹಿಡಿಸಿ ಸರಿ ಮಾಡಿದ ಮೇಲೆ, “ನೀನೇ ಇಟ್ಕೋ” ಎಂದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜಿನವರ ಮನೆಗಳ ಮುಂದೆ ಆಗ ಲಾನ್ ಮಾಡಿಸುವ ಹುಚ್ಚು ಹತ್ತಿತ್ತು. ಅಲ್ಲಿಂದ ಹೆಸರು ಹಬ್ಬಿ ಹುನಗುಂದದ ಒಬ್ಬ ವಕೀಲರು, ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಕೂಡ ಹೇಳಿ ಕಳಿಸತೊಡಗಿದರು. ಇಳಕಲ್ ಬಸ್ಸಿನ ಕಂಡಕ್ಟರ್ ಪ್ರತಿಸಲವೂ ಮಿಷನ್ನನ್ನು ಸುತ್ತು ಹಾಕಿ ನೋಡಿ, “ಇದು ನೇಯೂ ಮಗ್ಗಾನೋ, ರುಬ್ಬೂ ಕಲ್ಲೋ?” ಎಂದು ಕೇಳುತ್ತಿದ್ದ. ಪ್ರತಿಸಲವೂ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ಲಾನ್ ಎಂದರೆ ಬರೀ ಕತ್ತರಿಸುವುದಲ್ಲ, ಅದಕ್ಕೆ ಗೊಬ್ಬರ ಬೇಕು. ಕುದುರೆ ಲದ್ದಿ ಹದವಾಗಿ ಕೊಳೆತರೆ ಅದರಂಥ ಗೊಬ್ಬರ ಮತ್ತೊಂದಿಲ್ಲ. ಹುಡುಕುತ್ತ ಹೋದವನಿಗೆ ಬಾಗಲಕೋಟೆಯ ಸ್ಟೇಷನ್ನಿನ ಆಚೆ ಟಾಂಗಾದವರ ಬಯಲು ಕಣ್ಣಿಗೆ ಬಿತ್ತು. ಸುತ್ತಲೂ ಎದೆಮಟ್ಟದ ಕಲ್ಲಿನ ಗೋಡೆ, ಒಂದು ನೀರಿನ ತೊಟ್ಟಿ, ಒಂದು ಬೇವಿನ ಮರ. ಕೆಲಸ ಮುಗಿದ ಕುದುರೆಗಳನ್ನು ಟಾಂಗಾದವರು ಇಲ್ಲಿ ಬಿಚ್ಚಿ ಬಿಡುತ್ತಿದ್ದರು. ಆದರೆ ಆ ಬಯಲಿನ ಗತಿಯೋ, ಶಿವನೇ! ಎಲ್ಲೆಲ್ಲೂ ಕಾಂಗ್ರೆಸ್ ಕಸ, ಗೋಡೆಯ ಬುಡದಲ್ಲಿ ದತ್ತೂರಿ, ಬಾಗಿಲ ಹತ್ತಿರ ಮೊಣಕಾಲುದ್ದದ ಕೆಸರು.

ಅಲ್ಲಿ ಸಿಕ್ಕವನೇ ಚಾಚಾ. ಬಿಳಿ ಗಡ್ಡ, ಸೊಟ್ಟಗಾದ ಮೊಣಕಾಲು, ಇಡೀ ಟಾಂಗಾ ಸ್ಟ್ಯಾಂಡಿಗೆ ಹಿರಿಯ. ಯಾರ ಕುದುರೆಗೆ ಏನಾದರೂ ಮೊದಲು ಅವನನ್ನು ಕೇಳುತ್ತಿದ್ದರು. ನಾನು ನೇರವಾಗಿ ಹೇಳಿದೆ: “ಚಾಚಾ, ಈ ಬಯಲು ನಾ ಸ್ವಚ್ಛ ಇಡ್ತೇನ್ರಿ. ಕಸ ಕೀಳ್ತೇನಿ, ತಗ್ಗು ಮುಚ್ತೇನಿ, ಕರಕಿ ಹುಲ್ಲ ಹಚ್ತೇನಿ. ನನಗ ರೊಕ್ಕ ಬ್ಯಾಡ, ಲದ್ದಿ ಕೊಡ್ರಿ.” ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಲದ್ದಿ ಬೇಡಿ ಬಂದಾಂವ ನೀನ ಮೊದಲನೇವ” ಎಂದು ನಕ್ಕ. ಆಮೇಲೆ ಒಂದೇ ಒಂದು ಷರತ್ತು ಹಾಕಿದ: “ನೆಲ ನಿಂದು, ಕುದುರಿ ನಮ್ಮವು. ನನ್ನ ಕೇಳದ ಅವುಗಳ ಬಾಯಿಗೆ ಏನೂ ಇಡಬ್ಯಾಡ.” ಹೂಂ ಎಂದೆ. ಕುರಿ ಕಾಯ್ದವನ ಮಗನಿಗೆ ಹುಲ್ಲಿನ ಪಾಠವೇ ಎಂದು ಒಳಗೊಳಗೇ ಉರಿದುಕೊಂಡೆ.

ಕೆಲಸವನ್ನು ಮಾತ್ರ ಮೈಮುರಿದು ಮಾಡಿದೆ. ದತ್ತೂರಿಯನ್ನು ಬೇರು ಸಮೇತ ಕಿತ್ತು ಸುಟ್ಟೆ. ಬಾಗಿಲ ಕೆಸರಿಗೆ ಗರಸು ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿದೆ. ಬಯಲನ್ನು ಬಿದಿರಿನ ಗಳ ಕಟ್ಟಿ ಎರಡು ಪಾಲು ಮಾಡಿದೆ. ಒಂದು ಕಡೆ ಕುದುರೆ ಮೇಯುವಾಗ ಇನ್ನೊಂದು ಕಡೆ ಕರಕಿ ಚಿಗುರಬೇಕು, ಹದಿನೈದು ದಿನಕ್ಕೊಮ್ಮೆ ಅದಲುಬದಲು. ಎರಡು ಮಳೆಗಾಲ ಕಳೆಯುವುದರಲ್ಲಿ ಬಯಲು ಹಸಿರಾಯಿತು. ಆ ಕಡೆ ಪ್ರೊಫೆಸರರ ಲಾನು ಲದ್ದಿ ತಿಂದು ಕೊಬ್ಬಿತು, ಈ ಕಡೆ ಕುದುರೆಗಳು ಮಣ್ಣು ಬಿಟ್ಟು ಹುಲ್ಲಿನ ಮೇಲೆ ಹೊರಳಾಡಿದವು. ನನ್ನಷ್ಟು ಜಂಬದ ಮನುಷ್ಯ ಆಗ ಊರಲ್ಲಿ ಇನ್ನೊಬ್ಬ ಇರಲಿಲ್ಲ.

ಚಾಚಾನಿಗೆ ಇದ್ದದ್ದು ಒಂದೇ ಕುದುರೆ, ಕಂದು ಬಣ್ಣದ ಹೆಣ್ಣು. ಬೇಟಿ ಎಂದೇ ಅದನ್ನು ಕರೆಯುತ್ತಿದ್ದ. ಅವನ ಮಕ್ಕಳೆಲ್ಲ ಮದುವೆಯಾಗಿ ಹೋಗಿದ್ದರು. ಅವನೂ ಚಾಚಿಯೂ ಆ ಕುದುರೆಯ ದುಡಿಮೆಯ ಮೇಲೆ ಬದುಕುತ್ತಿದ್ದರು. ಊರಿಗೆ ಆಟೋ ಬರತೊಡಗಿದ್ದ ಕಾಲ. “ಇದು ಇರೂತನಕ ನನ್ನ ಟಾಂಗಾ. ಇದು ಹೋದ ದಿನ ನಾನೂ ಕೆಳಗಿಳದೆ ಅಂತ ತಿಳಿ. ಈ ವಯಸ್ಸಿನಾಗ ಇನ್ನೊಂದು ಕುದುರಿ ಯಾರು ಪಳಗಸ್ತಾರ?” ಎನ್ನುತ್ತಿದ್ದ.

ಒಂದು ಶ್ರಾವಣದಲ್ಲಿ ಬೇಟಿಯ ಗೊರಸಿಗೆ ಕಲ್ಲು ಚುಚ್ಚಿ ಅದು ಕುಂಟತೊಡಗಿತು. ಉಳಿದ ಕುದುರೆಗಳು ದುಡಿಯಲು ಹೋದರೆ ಇದೊಂದೇ ಬಯಲಲ್ಲಿ ನಿಂತು ಬಾಗಿಲ ಕಡೆ ನೋಡುತ್ತಿತ್ತು. ನನ್ನ ಕರುಳು ಚುರ್ ಎಂದಿತು. ಹಿಂದಿನ ದಿನ ವಿದ್ಯಾಗಿರಿಯಲ್ಲಿ ಯಾವುದೋ ಸಮಾರಂಭಕ್ಕೆಂದು ನಾಲ್ಕು ಮನೆಯ ಲಾನ್ ಕತ್ತರಿಸಿದ್ದೆ. ಒದ್ದೆ ಹುಲ್ಲನ್ನು ಗೋಣಿಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಚೀಲ ಬಿಚ್ಚಿದರೆ ಹುಲ್ಲು ಬೆಚ್ಚಗಿತ್ತು, ಒಂಥರಾ ಹುಳಿ ವಾಸನೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದು ಹುಲ್ಲೇ ಅಲ್ಲವೇ ಎಂದುಕೊಂಡೆ. ನುಣ್ಣಗೆ ಕತ್ತರಿಸಿದ ಹುಲ್ಲು, ಪಾಪ, ಅಗಿಯುವ ಕಷ್ಟವೂ ಇಲ್ಲ! ಇಡೀ ಚೀಲವನ್ನು ಬೇಟಿಯ ಮುಂದೆ ಸುರಿದು ನಾನು ಕೆಲಸಕ್ಕೆ ಹೋದೆ. ಅದು ಗಬಗಬ ತಿನ್ನುವುದನ್ನು ನೋಡಿ ಸಂತೋಷವಾಗಿತ್ತು.

ಹನ್ನೊಂದು ಗಂಟೆಗೆ ತಳ್ಳುಗಾಡಿ ದೂಡಿಕೊಂಡು ಲದ್ದಿ ತುಂಬಲು ಬಂದೆ. ಬೇಟಿ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಹೊರಳಿ ಹೊರಳಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಮೈಯೆಲ್ಲ ಬೆವರು. ದೊಪ್ಪನೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಏನಾಗಿದೆ ಎಂದು ನನಗೆ ಗೊತ್ತಾಗಲಿಲ್ಲ, ಆದರೆ ಯಾರಿಂದ ಆಗಿದೆ ಎಂಬುದು ಗೊತ್ತಾಯಿತು. ಈಗಲೂ ಬರೆಯಲು ನಾಚಿಕೆಯಾಗುತ್ತದೆ, ನಾನು ಮೊದಲು ಓಡಿದ್ದು ಚಾಚಾನ ಕಡೆಗಲ್ಲ. ತೊಟ್ಟಿಯ ಹತ್ತಿರ ಉಳಿದಿದ್ದ ಹುಲ್ಲನ್ನು ಎರಡೂ ಕೈಯಿಂದ ಬಳಿದು ಚೀಲಕ್ಕೆ ತುಂಬಿ, ನನ್ನ ತಳ್ಳುಗಾಡಿಯ ಕೆಳಗೆ ತುರುಕಿದೆ. ಆಮೇಲೆ ಸ್ಟ್ಯಾಂಡಿಗೆ ಓಡಿದೆ.

ಚಾಚಾ ಇನ್ನೊಬ್ಬರ ಟಾಂಗಾದಲ್ಲಿ ಬಂದ. ಅವನ ಹಿಂದೆಯೇ ನಾಲ್ಕೈದು ಮಂದಿ ಟಾಂಗಾದವರು. ಬೇಟಿಯ ಪಕ್ಕೆಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದ. “ಹೊಟ್ಟಿ ಮಾತಾಡವಲ್ದು” ಎಂದ. ಅವನ ಮುಖ ಸುಣ್ಣವಾಗಿತ್ತು. ನನ್ನ ಕಡೆ ತಿರುಗಿ, “ದನದ ದವಾಖಾನಿಗೆ ಓಡು ತಮ್ಮಾ, ಡಾಕ್ಟರ್‌ನ ಕರ್ಕೊಂಡ ಬಾ” ಎಂದ.

ಡಾಕ್ಟರರು ಬಂದವರೇ ಬೇಟಿಯ ಒಸಡು ನೋಡಿದರು, ಹೊಟ್ಟೆ ತಟ್ಟಿ ನೋಡಿದರು. “ಏನ್ ತಿಂದೈತಿ ಇದು? ಖರೆ ಹೇಳ್ರಿ, ಅದರ ಮ್ಯಾಲ ಔಷಧ ಐತಿ” ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನ ಕಣ್ಣು ತಾನಾಗಿಯೇ ತಳ್ಳುಗಾಡಿಯ ಕಡೆ ಹೋಯಿತು. ಬಾಯಿ ಮಾತ್ರ ಬಿಡಲಿಲ್ಲ.

ಚಾಚಾ ಹೇಳಿದ: “ಮಿಷನ್‌ನಾಗ ಕತ್ತರಿಸಿದ ಹುಲ್ಲರಿ. ಚೀಲದಾಗ ಕಾವು ಬಂದಿತ್ತು. ನಾನ ಹಾಕಿದ್ನಿ.”

ಡಾಕ್ಟರರಿಗೆ ಎಲ್ಲಿಲ್ಲದ ಸಿಟ್ಟು ಬಂತು. “ಗಡ್ಡ ಬೆಳ್ಳಗಾಗೂ ಮಟ ಕುದುರಿ ಸಾಕೀರಿ, ಇಷ್ಟೂ ತಿಳಿಯಂಗಿಲ್ಲೇನ್ರಿ? ಕುದುರಿ ಏನು ಕುರಿಯೇನು, ಮೆಲಕು ಹಾಕಾಕ? ಅದಕ್ಕ ವಾಂತೀನೂ ಆಗಂಗಿಲ್ಲ. ಅಂಥಾ ಹುಲ್ಲು ಹೊಟ್ಟ್ಯಾಗ ಹುಳಿ ಬಂದು ಉಬ್ಬತೈತಿ!” ಟಾಂಗಾದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ತಮಗೆ ಕುದುರೆಯ ಅಕ್ಷರ ಕಲಿಸಿದ ಚಾಚಾ ಬೈಸಿಕೊಳ್ಳುವುದನ್ನು ನೋಡಲಾಗದೆ ಒಬ್ಬ ಬೇರೆ ಕಡೆ ತಿರುಗಿದ. ಚಾಚಾ ತಲೆ ತಗ್ಗಿಸಿ, “ತಪ್ಪಾತ್ರಿ” ಎಂದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮೂಗಿನಿಂದ ನಳಿಕೆ ಇಳಿಸಿ ಅಗಸಿ ಎಣ್ಣೆ ಹಾಕಿದರು, ಸೂಜಿ ಚುಚ್ಚಿದರು. “ಇನ್ನ ನಡಸ್ಬೇಕು. ಹೊರಳಾಕ ಬಿಟ್ರ ಕರುಳು ತಿರುವಿ ಸಾಯ್ತೈತಿ. ಲದ್ದಿ ಹಾಕಿದ್ರ ಬದುಕ್ತು” ಎಂದು ಹೇಳಿ ಡಾಕ್ಟರರು ಹೋದರು. ಟಾಂಗಾದವರು ರೈಲಿನ ಹೊತ್ತಾಯಿತೆಂದು ಒಬ್ಬೊಬ್ಬರೇ ಹೊರಟರು. ಚಾಚಾ ಎರಡು ಸುತ್ತು ನಡೆಸಿ, ಮೊಣಕಾಲು ಹಿಡಿದುಕೊಂಡು ಬೇವಿನ ಬುಡದಲ್ಲಿ ಕುಳಿತುಬಿಟ್ಟ. ಹಗ್ಗವನ್ನು ನನ್ನ ಕೈಗೆ ಕೊಟ್ಟ.

ನಡೆಸಿದೆ. ಸ್ವತಃ ನಾನೇ ಹಚ್ಚಿದ ಕರಕಿಯ ಮೇಲೆ, ನಾನೇ ತುಂಬಿದ ತಗ್ಗುಗಳ ಮೇಲೆ, ಗೋಡೆಯ ಗುಂಟ ಸುತ್ತು ಸುತ್ತು. ಕುಂಟುವ ಕಾಲು ಅದು, ಪ್ರತಿ ಹೆಜ್ಜೆಗೂ ನರಳುತ್ತಿತ್ತು. ಮಂಡಿ ಮಡಚಲು ಹೋದಾಗಲೆಲ್ಲ ಚಾಚಾ ಕೂಗುತ್ತಿದ್ದ, “ನಿಲ್ಲಬ್ಯಾಡ ತಮ್ಮಾ! ಬೇಟಿ, ನಡಿ ನನ್ನವ್ವಾ, ನಡಿ!” ಒಮ್ಮೆ ಅದು ತನ್ನ ತಲೆಯನ್ನು ನನ್ನ ಹೆಗಲ ಮೇಲೆ ಇಟ್ಟಿತು. ವಿಷ ಹಾಕಿದವನ ಹೆಗಲ ಮೇಲೆ! ನಾನು ಗಳಗಳ ಅತ್ತೆ. ಬೀರಪ್ಪಾ, ನಿನ್ನ ಗುಡಿಯ ತನಕ ಬರಿಗಾಲಲ್ಲಿ ಬರ್ತೇನಿ, ಇದೊಂದು ಜೀವ ಉಳಿಸು ಎಂದು ಹರಸಿಕೊಂಡೆ. ಅತ್ತ ಬೇವಿನ ಕೆಳಗೆ ಚಾಚಾನ ತುಟಿಯೂ ಅಲುಗುತ್ತಿತ್ತು.

ಹೊತ್ತು ಮುಳುಗುವ ವೇಳೆಗೆ ಬೇಟಿ ನಿಂತಿತು. ಬಾಲ ಎತ್ತಿತು. ನಾಲ್ಕು ಉಂಡೆ ಲದ್ದಿ ಪಟಪಟ ಬಿತ್ತು. ಎರಡು ವರ್ಷ ಗಾಡಿಗಟ್ಟಲೆ ಲದ್ದಿ ಹೊತ್ತವನು ನಾನು, ಆದರೆ ಅಷ್ಟು ಚೆಂದದ ಲದ್ದಿಯನ್ನು ಕಂಡಿರಲಿಲ್ಲ. ಚಾಚಾ ಕುಂಟುತ್ತ ಬಂದು ಪಕ್ಕೆಗೆ ಕಿವಿ ಇಟ್ಟ. “ಮಾತಾಡಾಕತ್ತೈತಿ” ಎಂದು ಮುಖ ಮುಚ್ಚಿಕೊಂಡ.

ನನಗೆ ತಡೆಯಲಾಗಲಿಲ್ಲ. “ಚಾಚಾ, ಹುಲ್ಲು ಹಾಕಿದಾಂವ ನಾನ್ರಿ” ಎಂದೆ.

“ಗೊತ್ತೈತಿ. ಬರೂತ್ಲೇ ಗಾಡಿ ಕೆಳಗಿನ ಚೀಲ ನೋಡಿದೆ. ಹುಳಿ ವಾಸನಿ ಹೊಡೀತಿತ್ತು.”

“ಮತ್ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ? ಎಲ್ಲಾರ ಮುಂದ ಬೈಸಿಕೊಂಡ್ರಲ್ರಿ!”

ಚಾಚಾ ಬೇಟಿಯ ಕತ್ತು ಸವರುತ್ತಲೇ ಹೇಳಿದ: “ಆವಾಗ ನಿನ್ನ ಹೆಸರು ಹೇಳಿದ್ರ ಟಾಂಗಾದವರು ನಿನ್ನ ಹೊಡೀತಿದ್ರು. ಇಲ್ಲಾ ನೀ ಅಂಜಿ ಓಡಿ ಹೋಗ್ತಿದ್ದಿ. ನನ್ನ ಕಾಲು ನೋಡೀಯಲ್ಲ? ಸಂಜೀತನಕ ಈಕಿನ್ನ ಯಾರು ನಡಸ್ತಿದ್ರು?”

ಮರುದಿನ ನಾನು ಬಯಲಿಗೆ ಹೋಗಲಿಲ್ಲ. ಸೀದಾ ಸ್ಟೇಷನ್ ಮುಂದಿನ ಸ್ಟ್ಯಾಂಡಿಗೆ ಹೋಗಿ, ಟಾಂಗಾದವರೆಲ್ಲ ಸೇರುವವರೆಗೆ ಕಾದು, ಹುಲ್ಲು ಹಾಕಿದವನು ನಾನು, ಚಾಚಾ ಅಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಹೊಡೆಯಲಿಲ್ಲ. ಅಲ್ಲಿಂದ ದನದ ದವಾಖಾನೆಗೆ ಹೋಗಿ ಡಾಕ್ಟರರಿಗೂ ಅದನ್ನೇ ಹೇಳಿದೆ.