ಮೊಳೆಗೆ ತೂಗಿದ ಕೀಲಿಕೈ

ಬೀಗಣ್ಣನಿಗೆ ಈಗ ಅರವತ್ತೊಂದು. ಅದರಲ್ಲಿ ಮೂವತ್ತೆಂಟು ವರ್ಷವನ್ನು ಅವನು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ನಿಂತರೆ ನೆತ್ತಿಗೆ ಏಟು ಬೀಳುವಂಥ ಅಂಗಡಿಯಲ್ಲಿ, ಬೇರೆಯವರ ಮನೆಯ ಕೀಲಿಕೈಗಳನ್ನು ಅರದಿಂದ ಅರೆಯುತ್ತ ಕಳೆದ. ಕಟ್ಟಡ ಕೆಡವಿದರು. ಅಂಗಡಿ ಹೋಯಿತು, ಅದರ ಬೆನ್ನಿಗೇ ಬಾಡಿಗೆ ಕೋಣೆಯೂ ಹೋಯಿತು. ತಮ್ಮನ ಮನೆಯ ಹಜಾರದಲ್ಲಿ, ಸೋಫಾಕ್ಕೂ ಟಿವಿಗೂ ನಡುವೆ, ಹನ್ನೊಂದು ತಿಂಗಳು ಮಲಗಿದ. ತಮ್ಮನ ಹೆಂಡತಿ ಒಂದು ದಿನವೂ ಕೆಟ್ಟ ಮಾತಾಡಿದವಳಲ್ಲ. ಒಂದು ಮಧ್ಯಾಹ್ನ ಬಾಗಿಲಿನ ಬೀಗ ಬದಲಾಯಿಸಿದಳು, ಅಷ್ಟೆ.

ಹೊರಗಿನಿಂದ ಬಂದ ಬೀಗಣ್ಣ ಆ ಹೊಸ ಬೀಗವನ್ನು ನೋಡಿದ. ತಾನೇ ತಮ್ಮನಿಗೆ ಅರ್ಧ ಬೆಲೆಗೆ ಕೊಟ್ಟಿದ್ದ ಬೀಗ. ತೆಗೆಯಲು ಒಂದು ತಂತಿ, ಎರಡು ನಿಮಿಷ ಸಾಕು. ತಂತಿ ಜೇಬಿನಲ್ಲೇ ಇತ್ತು. ಅವನು ಕರೆಗಂಟೆಯನ್ನೂ ಒತ್ತದೆ ಮೆಟ್ಟಿಲಿಳಿದು ಹೋದ. ಈ ಕತೆಯನ್ನು ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಹೇಳುವಾಗ ಸಿಟ್ಟು ಬರುವುದು ತಮ್ಮನ ಹೆಂಡತಿಯ ಮೇಲಲ್ಲ, ಬೀಗ ಕೂರಿಸಿದವನ ಮೇಲೆ. "ತಿರುಪನ್ನ ಓರೆಯಾಗಿ ಹೊಡೆದಿದ್ದ, ಅಡ್ಡಕಸುಬಿ."

ಅನಂತರ ಒಂದೂವರೆ ವರ್ಷ ರೈಲು ನಿಲ್ದಾಣ, ಆಸ್ಪತ್ರೆಯ ವರಾಂಡ, ಮುಚ್ಚಿದ ಬ್ಯಾಂಕಿನ ಮೆಟ್ಟಿಲು. ಆಮೇಲೆ 'ಊರು'.

ಅಲ್ಲಿರುವವರು ಅದನ್ನು ಊರು ಎನ್ನುತ್ತಾರೆ. ನಗರಸಭೆಯ ಕಡತದಲ್ಲಿ ಅದರ ಹೆಸರು 'ತಾತ್ಕಾಲಿಕ ವಸತಿ ಪ್ರಾಯೋಗಿಕ ಆವರಣ, ಹಂತ ಒಂದು'. ಎಂಟು ವರ್ಷದಿಂದಲೂ ಹಂತ ಒಂದೇ. ಹಳೆಯ ಬಸ್ ಡಿಪೋದ ಹಿಂದೆ, ನಗರಸಭೆ ತನ್ನ ಕೆಟ್ಟುಹೋದ ಲಾರಿಗಳನ್ನು ತಂದು ಬಿಸಾಡುತ್ತಿದ್ದ ಜಾಗದಲ್ಲಿ ಮನೆಯಿಲ್ಲದವರು ತಾವೇ ಹಲಗೆ ಜೋಡಿಸಿ ಕಟ್ಟಿಕೊಂಡ ನಲವತ್ತೆರಡು ಒಂಟಿ ಕೋಣೆಗಳು, ಎರಡು ನಲ್ಲಿ, ಮೂರು ಪಾಯಿಖಾನೆ, ಒಂದು ಗೇಟು. ಮ್ಯಾನೇಜರ್ ಇಲ್ಲ, ವಾರ್ಡನ್ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಬಳಿ ಸಭೆ. ಮಾತಾಡುವವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು ಮಾತಾಡಬೇಕು. ಬಕೆಟ್ಟು ಬಿರುಕು ಬಿಟ್ಟಿದೆ. ಆದ್ದರಿಂದ ಶಾಸನಸಭೆಗಳಲ್ಲಿ ಕಾಣದ ಒಂದು ಗುಣ ಇಲ್ಲಿದೆ, ಭಾಷಣಗಳು ಚಿಕ್ಕವು.

ಊರಿಗೆ ದಾನಿಗಳೂ ಉಂಟು. ದಾನಿಗಳು ಮನೆಯಿಲ್ಲದವರಿಗೆ ಏನು ಬೇಕೆಂದು ಬಹಳ ಯೋಚಿಸಿ ನೂರಹತ್ತು ಕುತ್ತಿಗೆ ಟೈ, ಒಂದು ಪಿಯಾನೋದ ಅರ್ಧಭಾಗ, ಮತ್ತು ನಿಂತಲ್ಲೇ ಓಡುವ ಯಂತ್ರವೊಂದನ್ನು ಕೊಟ್ಟಿದ್ದಾರೆ. ವರ್ಷಗಟ್ಟಲೆ ಪೊಲೀಸರ ಕೋಲಿಗೆ ಹೆದರಿ ಓಡಿದ ಜನ ಆ ಯಂತ್ರದ ಮೇಲೆ ಬಟ್ಟೆ ಒಣಗಿಸುತ್ತಾರೆ.

ನಲವತ್ತೆರಡು ಬಾಗಿಲಿಗೂ ಬೀಗ ಕೂರಿಸಿದವನು ಬೀಗಣ್ಣ. ಒಂದೊಂದಕ್ಕೂ ಒಂದೇ ಕೀಲಿಕೈ. ಎರಡನೆಯದು ಯಾರ ಬಳಿಯೂ ಇಲ್ಲ, ನಗರಸಭೆಯ ಬಳಿಯೂ ಇಲ್ಲ. ಹೊಸಬರ ಕೈಗೆ ಕೀಲಿಕೈ ಇಟ್ಟಾಗ ಕೆಲವರು ಅಳುತ್ತಾರೆ. ಬೀಗಣ್ಣ ಅದನ್ನು ತನ್ನ ಕೈಕೆಲಸಕ್ಕೆ ಸಂದ ಮೆಚ್ಚುಗೆಯೆಂದೇ ತಿಳಿಯುತ್ತಾನೆ.

ನಗರಸಭೆ ಹಾಕಿದ ಷರತ್ತು ಒಂದೇ: ಗೇಟಿನ ಕುರ್ಚಿ ಒಂದು ಗಂಟೆಯೂ ಖಾಲಿ ಇರಬಾರದು, ಖಾಲಿ ಇದ್ದರೆ ಪರವಾನಗಿ ರದ್ದು. ಅದಕ್ಕೇ ಪ್ರತಿಯೊಬ್ಬರಿಗೂ ವಾರಕ್ಕೊಮ್ಮೆ ನಾಲ್ಕು ಗಂಟೆ ಗೇಟಿನ ಸರದಿ. ಮೊದಲ ವರ್ಷವೇ ಕತ್ತರಿ ಎಂಬವನು, ಹಿಂದೆ ಕ್ಷೌರದಂಗಡಿಯಲ್ಲಿದ್ದವನು, ಮೂರು ಸಲ ಸರದಿ ತಪ್ಪಿಸಿ ನಿದ್ದೆ ಹೊಡೆದ. ಖಾಲಿ ಕುರ್ಚಿಯ ಫೋಟೋ ನಗರಸಭೆಗೆ ಹೋಯಿತು, ನೋಟಿಸು ಬಂತು. ಅವನನ್ನು ಒದ್ದು ಓಡಿಸಿ ಎಂದು ಸಭೆ ಕೂಗಿತು. ಆಗ ಬಕೆಟ್ ಹತ್ತಿದವನು ಬೀಗಣ್ಣ. ಯಾರನ್ನೂ ಶಾಶ್ವತವಾಗಿ ಹೊರಗೆ ಹಾಕಕೂಡದು. ಮೂರು ಸರದಿ ತಪ್ಪಿದರೆ ಅವನ ಕೀಲಿಕೈಯನ್ನು ಗೇಟಿನ ಮೊಳೆಗೆ ತೂಗಿ ಏಳು ದಿನ ಹೊರಗಿಡಬೇಕು, ಎಂಟನೆಯ ದಿನ ಕೀಲಿಕೈ ಅವನದೇ. ಎಲ್ಲರೂ ಒಪ್ಪಿದರು. ಕತ್ತರಿ ಜ್ವರ, ಬೆನ್ನುನೋವು ಎಂದು ರಾಗ ತೆಗೆದಾಗ ಬೀಗಣ್ಣ ಇನ್ನೊಂದು ಸಾಲು ಸೇರಿಸಿದ: "ಕಾರಣ ಕೇಳಕೂಡದು. ಕಾರಣ ಕೇಳ್ತಾ ಕೂತ್ರೆ ಎಲ್ಲರ ಹತ್ರಾನೂ ಒಂದೊಂದು ಮೂಟೆ ಇರುತ್ತೆ."

ಮೊಳೆಯನ್ನೂ ಅವನೇ ಹೊಡೆದ. ನೆಟ್ಟಗೆ.

ಏಳು ವರ್ಷದಲ್ಲಿ ಊರಿನ ಹೆಸರು ಹೊರಗೆ ಹಬ್ಬಿತು. ಬೀಗಣ್ಣನ ಹೆಸರು ಅದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಹಬ್ಬಿತು. ತನ್ನನ್ನು ತಾನೇ ಆಳಿಕೊಳ್ಳುವ ಊರಿಗೆ ಒಬ್ಬ ನಾಯಕ ಬೇಕೇ ಬೇಕೆಂದು ಪತ್ರಿಕೆಗಳಿಗೆ ಅನ್ನಿಸಿತು. ಬಿಳಿ ಗಡ್ಡ, ಹಳೆಯ ಅಂಗಡಿಯ ಕೀಲಿಕೈ ಗೊಂಚಲು, ತಮ್ಮನ ಹೆಂಡತಿಯ ಕತೆ, ಫೋಟೋಗೆ ಎಲ್ಲ ಹೊಂದಿಕೆಯಾಯಿತು. ಬೀಗಣ್ಣ ಮೊದಮೊದಲು "ನಾಯಕ ಗೀಯಕ ಯಾರೂ ಇಲ್ಲ" ಎನ್ನುತ್ತಿದ್ದ. ಆಮೇಲೆ ಅದನ್ನೇ ನಾಯಕನ ಧಾಟಿಯಲ್ಲಿ ಹೇಳಲು ಕಲಿತ.

ಅವನ ಸರದಿ ಬುಧವಾರ ಎರಡರಿಂದ ಆರು. ಒಂದು ಬುಧವಾರ ಕಾಲೇಜಿನವರು ಬಂದು ಕರೆದೊಯ್ದರು. 'ಸರದಿಯೇ ಸಮಾನತೆ' ಎಂದು ಎರಡು ಗಂಟೆ ಮಾತಾಡಿದ. ಮತ್ತೊಂದು ಬುಧವಾರ ಸಂಶೋಧನೆಯ ಹುಡುಗಿ ಬಂದಳು. ಊರಿನವರು ಫಾರ್ಮು ಮೇಡಂ ಎನ್ನುವ ಈಕೆಯ ಬಳಿ ಅರವತ್ನಾಲ್ಕು ಪ್ರಶ್ನೆ. ಬೀಗಣ್ಣ ಅವಳನ್ನು ತನ್ನ ಕೋಣೆಯಲ್ಲೇ ಕೂರಿಸಿಕೊಂಡು ಉತ್ತರಿಸಿದ. ನಲವತ್ತೊಂದನೆಯ ಪ್ರಶ್ನೆ, 'ಎಲ್ಲರೂ ತಂತಮ್ಮ ಸರದಿಯನ್ನು ತಪ್ಪದೆ ಪಾಲಿಸುತ್ತಾರೆಯೇ?' "ತಪ್ಪದೆ" ಎಂದ ಬೀಗಣ್ಣ. ಆಗ ಗಂಟೆ ಮೂರೂವರೆ. ಗೇಟಿನ ಕುರ್ಚಿಯಲ್ಲಿ ಅವನ ಬದಲು ಆಯಮ್ಮ ಕೂತಿದ್ದಳು, ಹಿಂದೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಬಾಯಿ ತುಂಬ ಬೈಗುಳ ಇಟ್ಟುಕೊಂಡು.

ಮೂರನೆಯ ಬುಧವಾರ ದೊಡ್ಡ ಹೋಟೆಲೊಂದರಲ್ಲಿ ವಸತಿಹೀನತೆಯ ಬಗ್ಗೆ ವಿಚಾರಗೋಷ್ಠಿ. ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ಅವನನ್ನು ಹೊರಗೆ ತಳ್ಳಿದ. ವಿಷಯ ಅವನದೇ ಎಂದು ತಿಳಿದ ಮೇಲೆ ಒಳಗೆ ಬಿಟ್ಟರು. ಕೊನೆಯಲ್ಲಿ ಗಾಜಿನ ಪ್ರಶಸ್ತಿ ಕೊಟ್ಟರು. ಮನೆಯ ಆಕಾರದ್ದು, ಚಾವಣಿ, ಕಿಟಕಿ ಎಲ್ಲ ಇದೆ. ಬಾಗಿಲು ಮಾತ್ರ ಕೆತ್ತಿರಲಿಲ್ಲ.

ಭಾನುವಾರದ ಸಭೆಗೆ ಬೀಗಣ್ಣ ಗಾಜಿನ ಮನೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದ, ತೋರಿಸೋಣವೆಂದು. ಬಕೆಟ್ಟಿನ ಮೇಲೆ ಆಗಲೇ ಆಯಮ್ಮ ನಿಂತಿದ್ದಳು.

"ಬೀಗಣ್ಣನ ಸರದಿ ಮೂರು ತಪ್ಪಿದೆ. ಮೂರು ಸಲಾನೂ ನಾನೇ ಕೂತೆ. ಕೀಲಿಕೈ ಕೊಡಿಸಿ."

ನಕ್ಕವನು ಬೀಗಣ್ಣ ಒಬ್ಬನೇ. "ಏನಮ್ಮಾ ಇದು ತಮಾಷೆ? ಕುರ್ಚಿ ಖಾಲಿ ಇರಲಿಲ್ವಲ್ಲ."

"ನಾನು ಕೂತಿದ್ದಕ್ಕೆ ಇರಲಿಲ್ಲ. ನಿನ್ನ ಬೆನ್ನು ಕೂತಿತ್ತಾ?"

"ನಾನೇನು ಮಲಗಿದ್ನಾ? ಊರಿನ ಕೆಲಸಕ್ಕೇ ತಾನೆ ಹೋಗಿದ್ದು? ಹೊರಗೆ ನಮ್ಮ ಬಗ್ಗೆ..."

"ಕಾರಣ ಕೇಳೋ ಹಾಗಿಲ್ಲ ಅಣ್ಣಾ," ಎಂದ ಕತ್ತರಿ ಹಿಂದಿನಿಂದ, ಬಹಳ ವಿನಯವಾಗಿ. ಈ ಮಾತಿಗಾಗಿ ಅವನು ಏಳು ವರ್ಷ ಕಾದಿದ್ದ. "ಕೇಳ್ತಾ ಕೂತ್ರೆ ಎಲ್ಲರ ಹತ್ರಾನೂ ಮೂಟೆ ಇರುತ್ತೆ ಅಂತ ದೊಡ್ಡವರೊಬ್ಬರು ಹೇಳಿದ್ದಾರೆ."

"ಅಧಿಕಾರಿ ಬರೋದು ಗುರುವಾರ," ಎಂದ ಬೀಗಣ್ಣ. "ಈ ವರ್ಷದ ಪರವಾನಗಿ ವಿಷಯ. ನಾನಿಲ್ದೆ ಯಾರು ಮಾತಾಡ್ತೀರಿ? ನೀನಾ? ಬಾಯಿ ಬಿಟ್ರೆ ಪರವಾನಗಿ ಹೋಗುತ್ತೆ."

"ಹೋದ್ರೆ ಹೋಗಲಿ. ನೀನಿದ್ರೆ ಮಾತ್ರ ಉಳಿಯೋ ಊರಾದ್ರೆ ಅದು ನಿನ್ನ ಅಂಗಡಿ ಆಯ್ತಲ್ಲಪ್ಪಾ," ಎಂದು ಆಯಮ್ಮ ಬಕೆಟ್ಟಿನಿಂದ ಇಳಿದಳು. "ಕೈ ಎತ್ತಿ."

ಕೈ ಎದ್ದವು. ಬೀಗಣ್ಣ ಎಣಿಸಲಿಲ್ಲ. ಎಷ್ಟು ಕೀಲಿಕೈ ತಾನು ಅರೆದುಕೊಟ್ಟಿದ್ದನೋ ಅಷ್ಟೂ ಕೈ ಎಂದು ಅವನಿಗೆ ಅನ್ನಿಸಿತು. ನಿಜದಲ್ಲಿ ಐದಾರು ಕಡಿಮೆ ಇದ್ದವು. ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಲು ಅವನಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಕತ್ತರಿ ಅದನ್ನು ಮೊಳೆಗೆ ತೂಗಿದ, ಸರಿಯಾಗಿ ಕೂತಿತೋ ಇಲ್ಲವೋ ಎಂದು ಬೆರಳಿನಿಂದ ತಟ್ಟಿಯೂ ನೋಡಿದ.

ಗೇಟಿನ ಎದುರು, ರಸ್ತೆಯಾಚೆ, ಬಸ್ಸು ನಿಲ್ಲದ ಒಂದು ಬಸ್ ತಂಗುದಾಣ. ಬೀಗಣ್ಣ ಅಲ್ಲಿ ಕಂಬಳಿ ಹಾಸಿದ, ಪಕ್ಕದಲ್ಲಿ ಗಾಜಿನ ಮನೆ ಇಟ್ಟ. ಮೊದಲ ದಿನ ಎಲ್ಲರನ್ನೂ ಶಪಿಸಿದ. ಎರಡನೆಯ ದಿನ, ಅಲ್ಲಿನ ಬೆಂಚಿನಲ್ಲಿ ಯಾರೂ ಮಲಗಬಾರದೆಂದು ನಡುವೆ ಕಬ್ಬಿಣದ ಪಟ್ಟಿ ಬೆಸೆದಿರುವುದು ಅವನ ಬೆನ್ನಿಗೆ ನೆನಪಾಯಿತು. ಏಳು ವರ್ಷದಲ್ಲಿ ಬೆನ್ನು ಮರೆತಿತ್ತು. ನಾಲ್ಕನೆಯ ದಿನ ಬುಧವಾರ. ಎರಡು ಗಂಟೆಗೆ ಗೇಟಿನ ಕುರ್ಚಿಯಲ್ಲಿ ಕತ್ತರಿ ಬಂದು ಕೂತ. ಅದು ಬೀಗಣ್ಣನದೇ ಸರದಿ. ಬೀಗಣ್ಣ ಆರರವರೆಗೂ ಕಣ್ಣು ಕೀಳದೆ ನೋಡಿದ. ಕತ್ತರಿ ತೂಕಡಿಸಲಿಲ್ಲ. ತೂಕಡಿಸಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ದಿನವೂ ಸಂಜೆ ಆಯಮ್ಮ ರಸ್ತೆ ದಾಟಿ ಸೂಪು ತಂದು ಇಡುತ್ತಿದ್ದಳು.

"ಬೇಡ ತಗೊಂಡು ಹೋಗು."

"ಹೊರಗೆ ಹಾಕಬೇಕು ಅಂತ ನಿಯಮ ಇದೆ, ಉಪವಾಸ ಕೆಡವಬೇಕು ಅಂತ ಇಲ್ಲ. ನೀನು ಸೇರಿಸೋದು ಮರೆತೆ. ಕುಡಿ."

ಗುರುವಾರ ನಗರಸಭೆಯ ಅಧಿಕಾರಿ ಬಂದರು. ಜೀಪಿನಿಂದ ಇಳಿದು ನೇರ ಒಳಗೆ ನಡೆದವರನ್ನು ಆಯಮ್ಮ ಗೇಟಿನಲ್ಲಿ ಬಂದುಹೋಗುವವರ ಪುಸ್ತಕ ಅಡ್ಡ ಹಿಡಿದು ನಿಲ್ಲಿಸಿ ಸಹಿ ಹಾಕಿಸಿದಳು. ಅವರ ಮುಖ ಅಲ್ಲೇ ಹುಳ್ಳಗಾಯಿತು.

"ನಿಮ್ಮ ನಾಯಕರೆಲ್ಲಿ? ಆ ಗಡ್ಡದವರು?"

"ಹೊರಗಿದ್ದಾರೆ ಸಾರ್."

"ಹೊರಗೆ ಅಂದ್ರೆ? ಸಭೆಗಾ?"

"ಇಲ್ಲ ಸಾರ್, ಎದುರಿಗೆ. ನೀವು ಜೀಪು ನಿಲ್ಲಿಸಿದ್ರಲ್ಲ, ಅದರ ಹಿಂದೆ ಕಂಬಳಿ ಕಾಣ್ತಿದ್ಯಲ್ಲ."

ಅಧಿಕಾರಿ ತಿರುಗಿ ನೋಡಿದರು. ವಿಷಯ ಕೇಳಿ ಮೊದಲು ನಕ್ಕರು, ಆಮೇಲೆ ಕೆಂಡವಾದರು. ತಾವೇ ಶಿಫಾರಸು ಮಾಡಿ ಪ್ರಶಸ್ತಿ ಕೊಡಿಸಿದ ವ್ಯಕ್ತಿ ಪ್ರಶಸ್ತಿಯ ಸಮೇತ ರಸ್ತೆಯಲ್ಲಿ! ರಸ್ತೆ ದಾಟಿ ಬಂದು ತಂಗುದಾಣದ ಮುಂದೆ ನಿಂತರು. ಊರಿನ ಅರ್ಧ ಜನ ಗೇಟಿಗೆ ಬಂದು ಸೇರಿತು.

"ಎದ್ದೇಳಿ. ನಾನು ಹೇಳ್ತಿದೀನಿ, ಒಳಗೆ ನಡೀರಿ. ಈ ಜಾಗ ನಗರಸಭೇದು. ಯಾರು ಒಳಗಿರಬೇಕು ಅಂತ ಹೇಳೋಕೆ ಇವರ್ಯಾರು? ಏಯ್, ಆ ಕೀಲಿಕೈ ತಗೊಂಡು ಬನ್ನಿ ಇಲ್ಲಿ!"

ಆಯಮ್ಮ ಅಲುಗಲಿಲ್ಲ. ಆದರೆ ಬೀಗಣ್ಣನನ್ನು ನೋಡಿದಳು, ಕತ್ತರಿಯೂ ನೋಡಿದ. ಅವನು ಎದ್ದು ಅಧಿಕಾರಿಯ ಹಿಂದೆ ರಸ್ತೆ ದಾಟಿದರೆ ಮುಗಿಯಿತು: ಕೋಣೆ ಅವನದು, ಊರು ನಗರಸಭೆಯದು.

ನಿಜ ಹೇಳಬೇಕೆಂದರೆ ಬೀಗಣ್ಣನಿಗೆ ಆಗ ಸ್ವಯಂ ಆಡಳಿತ ನೆನಪಾಗಲಿಲ್ಲ. ಬೆನ್ನು ಒಳಗೆ ಹೋಗು ಎನ್ನುತ್ತಿತ್ತು. ಅವನ ಕಣ್ಣು ಗೇಟಿನ ಕಂಬದ ಮೇಲಿತ್ತು, ಕೀಲಿಕೈ ತೂಗಿದ ಮೊಳೆಯ ಮೇಲೆ. ತಾನು ಹೊಡೆದ ಮೊಳೆ, ತಾನು ಅರೆದ ಕೀಲಿಕೈ, ತಾನು ಮಾಡಿದ ಕಟ್ಟಳೆ; ಮೂರನ್ನೂ ಈ ಮನುಷ್ಯ, ತಿರುಪು ಯಾವ ಕಡೆ ತಿರುಗುತ್ತದೆಂದು ತಿಳಿಯದವನು, ಒಂದು ಕೂಗಿಗೆ ಕಿತ್ತುಹಾಕುವುದೆ? ಅವನಿಗೆ ಮೈ ಉರಿಯಿತು.

"ಇನ್ನೂ ಮೂರು ದಿನ ಇದೆ ಸಾರ್," ಎಂದ.

"ಏನು?"

"ಭಾನುವಾರ ಮುಗಿಯುತ್ತೆ. ಆಮೇಲೆ ಬನ್ನಿ, ಒಳಗೇ ಕೂತು ಟೀ ಕುಡಿಯೋಣ. ಈಗ ಏನಿದ್ರೂ ಆ ಹೆಂಗಸಿನ ಹತ್ರ ಮಾತಾಡಿ. ಸ್ವಲ್ಪ ಬಾಯಿ ಜೋರು. ಲೆಕ್ಕ ಪಕ್ಕಾ."

ಅಧಿಕಾರಿ ಒಂದು ಗಂಟೆ ತಪಾಸಣೆ ಮಾಡಿದರು. ಖಾಲಿ ಕುರ್ಚಿ ಸಿಗುತ್ತದೇನೋ ಎಂದು ಗೇಟಿಗೆ ಮೂರು ಸಲ ಬಂದು ನೋಡಿದರು. ಸಿಗಲಿಲ್ಲ. ಷರತ್ತು ಒಂದೇ ಇದ್ದದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಮುಂದಿನ ವಾರ ಪರವಾನಗಿ ಬಂತು, ಮತ್ತೊಂದು ವರ್ಷಕ್ಕೆ, ಹಂತ ಒಂದು. ಕೆಳಗೆ ಷರಾ: 'ನಾಯಕತ್ವದ ಕೊರತೆ ಕಂಡುಬಂದಿದೆ. ಮುಂದಿನ ತಪಾಸಣೆಯೊಳಗೆ ಸರಿಪಡಿಸತಕ್ಕದ್ದು.' ಆಯಮ್ಮ ಅದನ್ನು ಪಾಯಿಖಾನೆಯ ಬಾಗಿಲಿಗೆ ಅಂಟಿಸಿದಳು, ಎಲ್ಲರೂ ಕೂತು ಓದಲೆಂದು.

ಅದಕ್ಕೂ ಮೊದಲು, ಎಂಟನೆಯ ದಿನವಾದ ಭಾನುವಾರ ಬೆಳಿಗ್ಗೆ, ಕತ್ತರಿ ಮೊಳೆಯಿಂದ ಕೀಲಿಕೈ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಬೆನ್ನು ಹೇಗಿದೆ ಅಣ್ಣಾ?"

"ಕಾರಣ ಕೇಳಬೇಡ," ಎಂದ ಬೀಗಣ್ಣ.

ಬುಧವಾರ ಅವನು ಒಂದೂವರೆಗೇ ಕುರ್ಚಿಯಲ್ಲಿದ್ದ. ಗಾಳಿಗೆ ಪುಸ್ತಕದ ಹಾಳೆ ಹಾರದಂತೆ ಮೇಲೆ ಗಾಜಿನ ಮನೆ ಹೇರಿದ್ದ. ಅದಕ್ಕೆ ಅದು ತಕ್ಕ ಭಾರವಿತ್ತು. ಮೂರು ಗಂಟೆಗೆ ಫಾರ್ಮು ಮೇಡಂ ಬಂದಳು, ಎರಡನೆಯ ಸುತ್ತಿನ ಪ್ರಶ್ನೆಗಳೊಂದಿಗೆ. ಸಹಿ ಹಾಕಿಸಿಕೊಂಡು ಅವನು ಎದುರಿನ ತಂಗುದಾಣದ ಕಡೆ ಬೆರಳು ತೋರಿಸಿದ.

"ಆರು ಗಂಟೆವರೆಗೆ ಅಲ್ಲಿ ಕೂತಿರಮ್ಮ. ನಲವತ್ತೊಂದನೇ ಪ್ರಶ್ನೆ ಹೊಡೆದುಹಾಕಿ ಇಟ್ಕೊಂಡಿರು, ಅದನ್ನ ಮತ್ತೆ ಬರೆಸಬೇಕು. ಬೆಂಚಿನಲ್ಲಿ ಮಾತ್ರ ನಡುವೆ ಕೂರಬೇಡ, ಕಬ್ಬಿಣ ಇದೆ."