ಮುಚ್ಚಿದ ಕಿಟಕಿಗಳ ಎದುರು ಹಮೀದುನ್ನಿಸಾ ಬೇಗಂ

ಬೀದರ ಸೀಮೆಯ ಮರಗೆಲಸದಲ್ಲಿ ಕೆತ್ತಿದವರ ಹೆಸರು ಉಳಿಯುತ್ತದೆ, ಹೊಳಪು ಕೊಟ್ಟವರದು ಉಳಿಯುವುದಿಲ್ಲ. ಆ ಉಳಿಯದವರ ಸಾಲಿನಲ್ಲಿ ನಿಂತೇ ನಮ್ಮ ಸಂಘದ ಸಾಮೂಹಿಕ ಕಾರ್ಯಾಗಾರಕ್ಕೆ ಮರ್ಯಾದೆ ತಂದವರು ಶ್ರೀಮತಿ ಹಮೀದುನ್ನಿಸಾ ಬೇಗಂ ಅವರು. ಅವರ ಸನ್ಮಾನದ ಪುಸ್ತಕಕ್ಕೆ ಬರೆಯಲು ಸಂಘದವರು ಸಂತಪುರದ ಕಾಶೀರಾಮನಾದ ನನಗೆ ಹೇಳಿದ್ದಾರೆ. ನಾನು ಸಾಲಿ ಕಲಿಯುವುದನ್ನು ಬೇಗ ಬಿಟ್ಟವನು. ಗರಗಸ ಹಿಡಿದು ಅವರ ಪಕ್ಕದಲ್ಲೇ ಮುದುಕನಾದವನು. ಕಂಡದ್ದನ್ನು ಬರೆಯುತ್ತೇನೆ.

ಅವರು ಬಂದಾಗ ಅರಗಿನ ಪಾಲಿಶಿನ ಕಾಲ. ಬಟ್ಟೆಯ ಉಂಡೆ ಹಿಡಿದು ಅವರು ಕೈಯಾಡಿಸಿದರೆ ಹಳೇ ಬಾಗಿಲೂ ಮುಖ ತೋರಿಸುತ್ತಿತ್ತು. ಆಮೇಲೆ ಎಪಾಕ್ಸಿ ಬಂತು. ಎರಡು ದ್ರವ ಕಲಸಿ ಮರದ ಸೀಳಿನೊಳಗೆ ಸುರಿದರೆ ಗಾಜಿನಂತೆ ಗಟ್ಟಿಯಾಗುವ ಅದನ್ನು ಜನ ಮೆಚ್ಚಿದರು, ಸಂಘ ಇನ್ನೂ ಹೆಚ್ಚು ಮೆಚ್ಚಿತು. ಆದರೆ ಶೆಡ್ಡು ಒಂದೇ. ಈ ಕಡೆ ನಾವು ಕೊಯ್ಯುವುದು, ಆ ಕಡೆ ಅವರು ಸುರಿಯುವುದು. ಹಸಿ ಎಪಾಕ್ಸಿಯ ಮೇಲೆ ಧೂಳು ಬಿದ್ದರೆ ಹೊಳಪು ಕೆಡುತ್ತದೆಂದು, ಸುರಿಯುವ ಹೊತ್ತಿಗೆ ಫ್ಯಾನು ಬಂದ್, ಕಿಟಕಿ ಬಂದ್ ಮಾಡುವ ರೂಢಿ ಬಿತ್ತು. ಧೂಳು ನಮ್ಮ ಗರಗಸದಿಂದ ಒಳಗೇ ಹುಟ್ಟುತ್ತಿತ್ತು. ಹೊರಗೆ ಹೋಗದಂತೆ ನಾವು ತಡೆದದ್ದು ಎಪಾಕ್ಸಿಯ ಕೆಟ್ಟ ವಾಸನೆಯನ್ನು ಮಾತ್ರ.

ಆಪಾ, ಅಂದರೆ ಅಕ್ಕ, ಎಂದು ನಾವೆಲ್ಲ ಕರೆಯುವ ಅವರು ಅಂದೇ ಹೇಳಿದರು: “ಬಕ್ಕಪ್ಪಣ್ಣಾ, ಟೇಬಲ್ ಉಸುರಾಡಂಗಿಲ್ರಿ, ನಾವು ಆಡ್ತೀವಿ. ಆ ಸ್ಟೋರ್ ಕೋಣಿ ಖಾಲಿ ಮಾಡಿ ಕೊಡ್ರಿ. ಅದಕ್ಕ ಎರಡು ಕಿಟಕಿ ಅವ.”

ಮೇಲ್ವಿಚಾರಕರಾದ ಭಾಲ್ಕಿಯ ಬಕ್ಕಪ್ಪನವರು ನಕ್ಕರು: “ಕುರ್ಚಿ, ಬ್ಯಾನರ್ ಎಲ್ಲಿ ಇಡ್ಲಿ ಆಪಾ, ನಿಮ್ಮ ತಲಿ ಮ್ಯಾಲ?”

“ಇಡ್ರಿ. ತಲಿಯಾದ್ರೂ ಉಳೀತದ.”

ಕೋಣೆ ಸಿಗಲಿಲ್ಲ. ಇದ್ದಷ್ಟರಲ್ಲೇ ಅವರು ನಮ್ಮನ್ನು ಕಾಯ್ದರು. ಬೆರಳಿಗೆ ಅಂಟಿದ ಎಪಾಕ್ಸಿಯನ್ನು ನಾನು ಥಿನ್ನರಿನಲ್ಲಿ ತೊಳೆಯಲು ಹೋದಾಗ ಕೈ ಹಿಡಿದೆಳೆದು, “ಯಾಕ ಭಾಯಿ, ಚರ್ಮದ ಒಳಗ ಕಳಸ್ಲತ್ತೀರೇನು?” ಎಂದು ಗದರಿ, ಒಣ ಬಟ್ಟೆಯಿಂದ ಒರೆಸಿ, ಸಾಬೂನು ಹಚ್ಚಿ ತೊಳೆಸಿದರು. ತಮ್ಮ ಕೈಗವಸುಗಳನ್ನು ನನಗೆ ಕೊಟ್ಟರು. ಸರಿಯಾಗಿ ಗಟ್ಟಿಯಾಗದ ಹಲಗೆಯನ್ನು ಯಾರಾದರೂ ಉಜ್ಜತೊಡಗಿದರೆ ಯಂತ್ರದ ಪ್ಲಗ್ಗನ್ನೇ ಕಿತ್ತು, “ಇನ್ನ ಹಸಿ ಅದ, ಈ ಪುಡಿ ಎದಿಯಾಗ ಹೊಕ್ತದ” ಎನ್ನುತ್ತಿದ್ದರು. ಮರ ಕೊಯ್ಯುವ ಮೇಜಿನ ಮೇಲೆ ಬುತ್ತಿ ಬಿಚ್ಚಲು ಯಾರಿಗೂ ಬಿಡಲಿಲ್ಲ.

ಕಾಯ್ದವರನ್ನು ಕಾಯುವವರಿರಲಿಲ್ಲ. ಮೊದಲು ಅವರ ಮುಂಗೈ ಕೆಂಪಾಯಿತು, ಆಮೇಲೆ ಕಣ್ಣ ರೆಪ್ಪೆಗಳು ಬಾತವು, ಕೊನೆಗೆ ಡಬ್ಬಿಯ ಮುಚ್ಚಳ ತೆರೆದರೂ ಉಸಿರು ಕಟ್ಟತೊಡಗಿತು. ಇನ್ನು ಅದರ ಹತ್ತಿರ ಸುಳಿಯಲೇಬಾರದೆಂದರು ಡಾಕ್ಟರು. ಸನ್ಮಾನದ ಆಮಂತ್ರಣದಲ್ಲಿ “ಸ್ವಇಚ್ಛೆಯಿಂದ ನಿವೃತ್ತಿ” ಎಂದು ಅಚ್ಚಾಗಿದೆ. ಅದು ಸುಳ್ಳು. ಅವರಿಗೆ ಇನ್ನೂ ಕೆಲಸ ಮಾಡುವ ಆಸೆಯಿತ್ತು. ಈ ಪುಸ್ತಕದಲ್ಲಾದರೂ ಅದು ನೆಟ್ಟಗೆ ಬರಲಿ.

ಸನ್ಮಾನದ ಶಾಲು, ಹಾರಗಳನ್ನು ಈಗ ಅದೇ ಸ್ಟೋರ್ ಕೋಣೆಯಲ್ಲಿ ತಂದಿಟ್ಟಿದ್ದಾರೆ. ಅವಕ್ಕೆ ಗಾಳಿ ಬೇಕಂತೆ. ಎರಡೂ ಕಿಟಕಿ ತೆರೆದಿವೆ.

ಆಪಾರ ಜಾಗಕ್ಕೆ ಔರಾದದ ಜೇಬಾ ಬಂದಿದ್ದಾಳೆ. ಎಳೆಯ ಕೈ, ಚಂದದ ಕೆಲಸ. ಅವಳಿಗೂ ಅದೇ ಶೆಡ್ಡು, ಅದೇ ಮುಚ್ಚಿದ ಕಿಟಕಿ. ಮೊನ್ನೆ ಎಪಾಕ್ಸಿ ಕಪಾಟಿನ ಕೀಲಿ ಒಪ್ಪಿಸಿರೆಂದು ಬಕ್ಕಪ್ಪನವರು ಕೇಳಿದಾಗ ಆಪಾ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೇಳಿದರು: “ಹುಡುಗಿಗೆ ಕೋಣಿ ಕೊಡ್ರಿ, ಕೀಲಿ ತಗೋರಿ.”

ಆಪಾ ದೀರ್ಘಾಯುಗಳಾಗಲಿ. ಕೆಲಸ ಹೀಗೇ ಮುಂದುವರಿಸಲಿ ಎಂದು ಹಾರೈಸಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದು ಕೆಲಸ ಬಾಕಿ ಇದೆ: ಸಂಘದವರು ಆ ಕೋಣೆ ಬಿಟ್ಟುಕೊಡುವವರೆಗೆ, ಯಾರು ಎಷ್ಟೇ ಶಾಲು ಹೊದಿಸಿದರೂ, ಆಪಾ ಸೆರಗಿನ ಗಂಟು ಬಿಚ್ಚದಿರಲಿ.